ನರಿ, ಕುರಿಮರಿ ಮತ್ತು ಒಂದು ಸಣ್ಣ ರೈಫಲ್

ಪುಣೆಯ ಬಾಲೇವಾಡಿ ಶೂಟಿಂಗ್ ರೇಂಜಿನಲ್ಲಿ ನಾನು ಅಭ್ಯಾಸ ಮಾಡುವುದು .22 ರೈಫಲ್ಲಿನಲ್ಲಿ. ಗುರಿ ಇರುವುದು 50 ಮೀಟರ್ ದೂರದಲ್ಲಿ. ಅದರ ನಡುವಿನ ಹತ್ತು ಅಂಕದ ವೃತ್ತದ ಅಗಲ 10.4 ಮಿಲಿಮೀಟರ್. ಗುಂಡಿನ ದಪ್ಪವೇ 5.6 ಮಿಲಿಮೀಟರ್. ಕೊಲ್ಹಾಪುರದ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್‌ನಲ್ಲಿ ವಿಶ್ವ ಚಾಂಪಿಯನ್ ಆದದ್ದು ಈ 50 ಮೀಟರಿನಲ್ಲೇ, ನೆಲದ ಮೇಲೆ ಮಲಗಿ ಹೊಡೆಯುವ ಸ್ಪರ್ಧೆಯಲ್ಲಿ. ಅದೇ ಜಿಲ್ಲೆಯಿಂದ ಬಂದು ಪುಣೆಯಲ್ಲಿ ರೈಲ್ವೆ ಕೆಲಸ ಮಾಡುತ್ತಿದ್ದ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದದ್ದೂ ಇದೇ ದೂರದಲ್ಲಿ. ಹಾಗಾಗಿ ಈ ಕಡೆಯ ಮಕ್ಕಳಿಗೆ .22 ಅಂದರೆ ಒಂದು ಕನಸು. ರಜೆಯ ದಿನ ರೇಂಜಿನಲ್ಲಿ ಮರಾಠಿ, ಹಿಂದಿಯ ನಡುವೆ ಬೆಳಗಾವಿ ಕನ್ನಡವೂ ಕಿವಿಗೆ ಬೀಳುತ್ತದೆ.

ಇಲ್ಲಿ ಕೈ ಸ್ವಲ್ಪ ಕುದುರಿದ ಮೇಲೆ ಕಲಿಸುವ ಒಂದು ಪಾಠ ಇದೆ. ಹೊಡೆಯದೆ ಇಳಿಸುವುದು. ಉಸಿರು ಅರ್ಧ ಬಿಟ್ಟು ನಿಲ್ಲಿಸಿರುತ್ತೀರಿ. ಬೆರಳು ಟ್ರಿಗರಿನ ಮೇಲೆ ಭಾರ ಹಾಕಲು ಶುರು ಮಾಡಿರುತ್ತದೆ. ಅಷ್ಟರಲ್ಲಿ ಗಾಳಿಯ ಬಾವುಟ ಒಂದು ಕಡೆ ವಾಲುತ್ತದೆ. ಇಲ್ಲವೇ ನೋಡಿ ನೋಡಿ ಕಣ್ಣು ಮಂಜಾಗುತ್ತದೆ. ಆಗ ಬೆರಳು ತೆಗೆಯಬೇಕು. ಕೆನ್ನೆ ಎತ್ತಿ, ಉಸಿರಾಡಿ, ಮತ್ತೆ ಮೊದಲಿನಿಂದ ಶುರು. ಕೇಳಲು ಸುಲಭ. ಆದರೆ ಒತ್ತಲು ಸಜ್ಜಾಗಿರುವ ಬೆರಳನ್ನು ವಾಪಸ್ ಕರೆಯುವುದು ಹತ್ತು ಅಂಕ ಹೊಡೆಯುವುದಕ್ಕಿಂತ ಕಷ್ಟ. ಪ್ರಾಣಿಯ ಮುಂದೆ ರೈಫಲ್ ಹಿಡಿಯುವವರಿಗೆ ಎಲ್ಲಕ್ಕಿಂತ ಮೊದಲು ಬರಬೇಕಾದದ್ದು ಈ ವಿದ್ಯೆ ಎಂದು ನಾನು ನಂಬಿದ್ದೇನೆ. ರೈಫಲ್ ಸಣ್ಣದಾದಷ್ಟೂ ಇದು ಜಾಸ್ತಿ ಬೇಕು.

ಸಣ್ಣದು ಅಂದರೆ ಎಷ್ಟು ಸಣ್ಣದು? ದೊಡ್ಡ ರೈಫಲ್ಲುಗಳ ತೋಟೆಯಲ್ಲಿ ಹಿಂಬದಿಯ ನಡುವೆ ಒಂದು ಪುಟ್ಟ ಕೇಪು ಕೂರಿಸಿರುತ್ತಾರೆ. ಸೂಜಿ ಅದಕ್ಕೆ ಬಡಿದಾಗ ಕಿಡಿ ಹುಟ್ಟಿ ಮದ್ದು ಹೊತ್ತಿಕೊಳ್ಳುತ್ತದೆ. ಇದು ಸೆಂಟರ್‌ಫೈರ್. .22 ತೋಟೆಯಲ್ಲಿ ಬೇರೆ ಕೇಪು ಇಲ್ಲ. ಕಿಡಿ ಹುಟ್ಟಿಸುವ ಮದ್ದನ್ನು ತೋಟೆಯ ಅಂಚಿನ ಟೊಳ್ಳಿನಲ್ಲೇ ಹರಡಿರುತ್ತಾರೆ. ಸೂಜಿ ಆ ಅಂಚನ್ನೇ ಜಜ್ಜುತ್ತದೆ. ರಿಮ್‌ಫೈರ್ ಅನ್ನುವುದು ಇದಕ್ಕೇ. ಜಜ್ಜಬೇಕಾದರೆ ಹಿತ್ತಾಳೆ ತೆಳ್ಳಗಿರಬೇಕು. ತೆಳ್ಳಗಿದ್ದರೆ ಜಾಸ್ತಿ ಒತ್ತಡ ತಡೆಯುವುದಿಲ್ಲ. ಒತ್ತಡ ಕಡಿಮೆ ಅಂದಮೇಲೆ ಗುಂಡು ಹಗುರ, ವೇಗವೂ ಕಡಿಮೆ. 1887ರಲ್ಲಿ ಬಂದ .22 ಲಾಂಗ್ ರೈಫಲ್ ತೋಟೆಯ ಗುಂಡು ಇವತ್ತಿಗೂ ಸಾಮಾನ್ಯವಾಗಿ 40 ಗ್ರೇನ್, ಅಂದರೆ ಸುಮಾರು 2.6 ಗ್ರಾಂ ತೂಗುತ್ತದೆ. ನಾವು ಸ್ಪರ್ಧೆಗೆ ಬಳಸುವ ತೋಟೆಯಲ್ಲಿ ಅದು ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ ಹೊರಡುತ್ತದೆ. ಜೋರಿನ ತೋಟೆಯಲ್ಲಿ 380ರ ಹತ್ತಿರ. ಆಗಲೂ ಅದರ ಬಲ 190 ಜೂಲ್ ಆಸುಪಾಸು. ಸೈನ್ಯ, ಪೊಲೀಸರ ಕೈಯಲ್ಲಿರುವ ಸಣ್ಣ ಸೆಂಟರ್‌ಫೈರ್ ರೈಫಲ್ಲುಗಳ ಬಲ ಇದರ ಎಂಟು ಒಂಬತ್ತು ಪಟ್ಟು. ಕಾಗದಕ್ಕೆ ತೂತು ಮಾಡಲು ಇಷ್ಟು ಬಲ ಧಾರಾಳವಾಯಿತು. ಜೀವಕ್ಕೆ ಸಾಕೋ ಇಲ್ಲವೋ ಎಂಬುದು ಬೇರೆ ಲೆಕ್ಕ.

ಆ ಲೆಕ್ಕ ಹಾಕುವ ಸಂದರ್ಭ ಬಂದದ್ದು ನನ್ನ ಚಿಕ್ಕಪ್ಪನ ಮಗನಿಂದ. ಅವನು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಒಂದು ಕುರಿ ಫಾರ್ಮಿನಲ್ಲಿ ಕೆಲಸಕ್ಕಿದ್ದಾನೆ. ಫೋನ್ ಮಾಡಿ ಕೇಳಿದ. "ಅಕ್ಕ, ನಮ್ಮ ಯಜಮಾನ್ರು ನರಿ ಹೊಡಿ ಅಂತ .22 ಕೊಟ್ಟಿದ್ದಾರೆ. ಲೈಸೆನ್ಸ್ ಆಯ್ತು. ನೀನು ಇದರಲ್ಲೇ ಹೊಡೀತೀಯಲ್ಲ, ಹೇಳು. ಎಷ್ಟು ದೂರದಿಂದ ಹೊಡೀಬಹುದು?"

ಆಸ್ಟ್ರೇಲಿಯಾದಲ್ಲಿ ನರಿ ಮೂಲದಿಂದ ಇದ್ದ ಪ್ರಾಣಿ ಅಲ್ಲ. ಅಲ್ಲಿಗೆ ಹೋಗಿ ನೆಲೆಸಿದ ಬಿಳಿಯರು 19ನೇ ಶತಮಾನದಲ್ಲಿ ಬೇಟೆಯ ಮೋಜಿಗಾಗಿ ಯುರೋಪಿನ ಕೆಂಪು ನರಿಯನ್ನು ಹಡಗಿನಲ್ಲಿ ತಂದು ಬಿಟ್ಟರು. ಅದು ಖಂಡದ ಬಹುಪಾಲು ಹಬ್ಬಿತು. ನರಿಯನ್ನೇ ಕಂಡು ಗೊತ್ತಿಲ್ಲದ ಅಲ್ಲಿನ ಸಣ್ಣ ಪ್ರಾಣಿಗಳಿಗೆ, ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗಳಿಗೆ ದೊಡ್ಡ ಕುತ್ತಾಯಿತು. ಮೇಲಿಂದ ಕುರಿಮರಿಗಳಿಗೂ ಅದರ ಕಾಟ. ಹುಟ್ಟುತ್ತಿರುವಾಗಲೇ ಮರಿಯ ಮೂತಿ, ನಾಲಿಗೆ ಕಚ್ಚುವ ನರಿಗಳಿವೆ. ಹೀಗಾಗಿ ಅಲ್ಲಿ ನರಿ ಹೊಡೆಯುವುದಕ್ಕೆ ಕಾನೂನಿನ ಒಪ್ಪಿಗೆ ಇದೆ, ಅನೇಕ ಕಡೆ ಅದು ಜಮೀನಿನವರ ಜವಾಬ್ದಾರಿ ಕೂಡ. ಇದನ್ನೆಲ್ಲ ತಿಳಿದ ಮೇಲೂ ನಾನು ತಮ್ಮನಿಗೆ ದೂರದ ಲೆಕ್ಕ ಮೊದಲು ಹೇಳಲಿಲ್ಲ. "ಸತ್ತ ಮರಿಗಳನ್ನ ಸುಲಿದು ನೋಡಿದೀಯಾ?" ಎಂದು ಕೇಳಿದೆ.

ಯಾಕೆಂದರೆ ಚಳಿ ಮಳೆಗೆ, ಹಸಿವಿಗೆ, ತಾಯಿ ಬಿಟ್ಟುಹೋದದ್ದಕ್ಕೆ, ಹೆರಿಗೆ ಕಷ್ಟವಾಗಿ ಸಾಯುವ ಮರಿಗಳೇ ಜಾಸ್ತಿ. ಸತ್ತದ್ದನ್ನು ನರಿ ಬಂದು ತಿನ್ನುತ್ತದೆ. ಬೆಳಗ್ಗೆ ನೋಡಿದವರಿಗೆ ನರಿಯೇ ಕೊಂದಂತೆ ಕಾಣುತ್ತದೆ. ಸತ್ಯ ತಿಳಿಯಲು ಒಂದು ಚಾಕು ಸಾಕು. ಚರ್ಮ ಬಿಡಿಸಿ ಹಲ್ಲಿನ ಗಾಯದ ಸುತ್ತ ನೋಡಬೇಕು. ಒಳಗೆ ರಕ್ತ ಹೆಪ್ಪುಗಟ್ಟಿ ಕಪ್ಪಾಗಿದ್ದರೆ ಕಚ್ಚುವಾಗ ಜೀವ ಇತ್ತು. ಮಾಂಸ ಬಿಳುಚಿಕೊಂಡು ರಕ್ತದ ಗುರುತೇ ಇಲ್ಲದಿದ್ದರೆ ನರಿ ಕಚ್ಚಿದ್ದು ಹೆಣವನ್ನು. ಹುಟ್ಟಿದ ಮರಿಯ ಗೊರಸಿನ ತುದಿಯಲ್ಲಿ ಮೆತ್ತನೆ ಪೊರೆ ಇರುತ್ತದೆ. ಎದ್ದು ನಡೆದಿದ್ದರೆ ಅದು ಸವೆದಿರುತ್ತದೆ. ಶ್ವಾಸಕೋಶದ ಚೂರು ನೀರಲ್ಲಿ ತೇಲಿದರೆ ಮರಿ ಉಸಿರಾಡಿತ್ತು. ಹೊಟ್ಟೆಯಲ್ಲಿ ಹಾಲಿದ್ದರೆ ಕುಡಿದಿತ್ತು. ತಮ್ಮ ಚಳಿಯಲ್ಲಿ ಕೂತು ಇದನ್ನೆಲ್ಲ ಮಾಡಿದ. ಫೋಟೋ ಕಳಿಸಿದ. ಕೆಲವು ಮರಿಗಳ ಕತ್ತಿನ ಕೆಳಗೆ ಕಪ್ಪು ರಕ್ತ ಇತ್ತು. ಹಲವಕ್ಕೆ ಇರಲಿಲ್ಲ. ಗೊರಸಿನ ಪೊರೆ ಹಾಗೇ ಇತ್ತು, ಏಳಲೇ ಇಲ್ಲ ಪಾಪದವು. ಅವಕ್ಕೆ ಬೇಕಾಗಿದ್ದು ಗಾಳಿ ತಡೆಯುವ ಒಂದು ಮರೆ. ಮರಿ ಹಾಕುವ ಬಯಲಿನ ಅಂಚಿಗೆ ಯಜಮಾನರು ಹುಲ್ಲಿನ ಸಿವುಡುಗಳನ್ನು ಗೋಡೆಯ ಹಾಗೆ ಪೇರಿಸಿಟ್ಟರು.

ಆದರೂ ಕಪ್ಪು ರಕ್ತದ ಮರಿಗಳು ಇದ್ದವು, ಅಲ್ವಾ? ಆ ಭಾಗಕ್ಕೆ ನರಿಯೇ ಉತ್ತರ ಹೇಳಬೇಕಿತ್ತು. ಆಮೇಲೆ ನಾವು ದೂರದ ಮಾತಿಗೆ ಬಂದೆವು.

ಕೆಂಪು ನರಿ ಐದಾರು ಕಿಲೋ ತೂಗುವ ಪ್ರಾಣಿ. ದಟ್ಟ ತುಪ್ಪಳದಲ್ಲಿ ಇನ್ನೂ ದೊಡ್ಡದಾಗಿ ಕಾಣುತ್ತದೆ. ಒಳಗಿನ ದೇಹ ಸಣ್ಣದು, ಆದರೆ ಗಟ್ಟಿ. .22 ಲಾಂಗ್ ರೈಫಲ್ ಗುಂಡು ಎದೆಯ ಜಾಗ ತಪ್ಪಿ ಹೊಟ್ಟೆಗೆ ಬಿದ್ದರೆ ಅದು ಓಡಿಹೋಗುತ್ತದೆ, ಬಿಲ ಸೇರುತ್ತದೆ, ದಿನಗಟ್ಟಲೆ ನರಳುತ್ತದೆ. ತಲೆಗೆ ಹೊಡೆದರೆ ಕೂಡಲೇ ಬೀಳುತ್ತದೆ ನಿಜ. ಆದರೆ ನರಿಯ ತಲೆ ಸದಾ ಅಲುಗುತ್ತದೆ, ಮೆದುಳಿನ ಜಾಗ ಚಿಕ್ಕದು, ಒಂದು ಬೆರಳಿನಷ್ಟು ತಪ್ಪಿದರೆ ದವಡೆ ಮುರಿಯುತ್ತದೆ. ದವಡೆ ಮುರಿದ ನರಿ ಹಸಿದು ಸಾಯುತ್ತದೆ. ಇದಕ್ಕಿಂತ ಕೆಟ್ಟ ಸಾವು ಕಡಿಮೆ. ಹಾಗಾಗಿ ನನ್ನ ಮಾತು ಇಷ್ಟು: 40 ಮೀಟರ್ ಒಳಗೆ, ನಿಂತ ನರಿ, ರೈಫಲ್ಲಿಗೆ ಆಸರೆ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಇಳಿಸು. 50 ಮೀಟರಿಗೆ ಹೊಂದಿಸಿದ .22 ಗುಂಡು 100 ಮೀಟರಿನಲ್ಲಿ ಸುಮಾರು 15 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ನರಿಯ ಇಡೀ ಎದೆ ಅಷ್ಟಿಲ್ಲ. ಗಾಳಿ ಬೀಸಿದರೆ ಪಕ್ಕಕ್ಕೂ ಸರಿಯುತ್ತದೆ.

ರಿಮ್‌ಫೈರಿನಲ್ಲೇ ಇನ್ನೂ ಎರಡು ತೋಟೆಗಳಿವೆ. 1959ರಲ್ಲಿ ಬಂದ .22 ಮ್ಯಾಗ್ನಮ್, ಅದರ ಬಲ ಲಾಂಗ್ ರೈಫಲ್ಲಿನ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಮತ್ತೆ 2002ರಲ್ಲಿ ಬಂದ .17 ಎಚ್‌ಎಂಆರ್. ಎರಡನೆಯದು ಬಹಳ ವೇಗದ್ದು, ಬಹಳ ನೇರದ್ದು, ಮೊಲಕ್ಕೆ ಅದ್ಭುತ. ಆದರೆ ಅದರ ಗುಂಡು ಬರೀ 17 ಗ್ರೇನ್, ಒಂದು ಗ್ರಾಂ ಮತ್ತು ಚೂರು. ನರಿಯ ಭುಜದ ಎಲುಬಿಗೆ ತಾಗಿದರೆ ಮೇಲೆಯೇ ಒಡೆದು ಪುಡಿಯಾಗುವ ಭಯ ಇದೆ. ನೇರವಾಗಿ ಹೋಗುವುದು ಒಂದು ಗುಣ, ಆಳಕ್ಕೆ ಹೋಗುವುದು ಇನ್ನೊಂದು. ನರಿಗೆ ಎರಡೂ ಬೇಕು. ರಿಮ್‌ಫೈರೇ ಬೇಕು ಅಂದರೆ ಮ್ಯಾಗ್ನಮ್ ತೆಗೆದುಕೊ, ಅದರಲ್ಲೂ 80 ಮೀಟರ್ ದಾಟಬೇಡ, ಅದರಾಚೆ ಇದ್ದರೆ ಸೆಂಟರ್‌ಫೈರ್ ಇರುವ ಪಕ್ಕದ ಜಮೀನಿನವರನ್ನು ಕರೆ ಎಂದೆ. ಯಜಮಾನರು ಮ್ಯಾಗ್ನಮ್ ತರಿಸಿಕೊಟ್ಟರು.

ಆದರೆ ರೈಫಲ್ಲಿನ ಮಿತಿ ಒಂದಾದರೆ ಕೈಯ ಮಿತಿ ಇನ್ನೊಂದು. ರೇಂಜಿನಲ್ಲಿ ಜಾಕೆಟ್ ತೊಟ್ಟು, ತೋಳಿಗೆ ಪಟ್ಟಿ ಬಿಗಿದು, ಹಗಲು ಬೆಳಕಲ್ಲಿ ಹೊಡೆದದ್ದು ಲೆಕ್ಕಕ್ಕೆ ಬಾರದು. ಎರಡು ಡಿಗ್ರಿ ಚಳಿಯಲ್ಲಿ, ದಪ್ಪ ಕೋಟಿನಲ್ಲಿ, ಟಾರ್ಚಿನ ಬೆಳಕಿನಲ್ಲಿ, ಜೀಪಿನ ಬಾನೆಟ್ಟಿಗೆ ಒರಗಿ ಐದು ಗುಂಡು ಹೊಡೆಯಬೇಕು. ಐದೂ ನಾಲ್ಕು ಸೆಂಟಿಮೀಟರಿನ ವೃತ್ತದೊಳಗೆ ಬಿದ್ದವಾ? ಎಷ್ಟು ದೂರಕ್ಕೆ ಒಂದು ಗುಂಡು ಹೊರಗೆ ಬೀಳಲು ಶುರುವಾಗುತ್ತದೋ ಅದರ ಒಳಗೇ ನಿಮ್ಮ ಗಡಿ. ರೈಫಲ್ 80 ಮೀಟರ್ ಅಂದರೂ ನಿಮ್ಮ ಕೈ 35 ಅಂದರೆ ಮೂವತ್ತೈದೇ. ತಮ್ಮ ಇದನ್ನು ರಟ್ಟಿನ ಮೇಲೆ ಮಾಡಿ ನೋಡಿದ. ಗಡಿ ಅವನಂದುಕೊಂಡದ್ದಕ್ಕಿಂತ ಬಹಳ ಹತ್ತಿರ ಬಂತು. ಬೇಲಿಯ ಕಂಬಗಳಿಗೆ ಬಿಳಿ ಬಣ್ಣ ಬಳಿದು ಆ ಗಡಿಯನ್ನು ಕಣ್ಣಿಗೆ ಕಾಣುವ ಹಾಗೆ ಗುರುತು ಹಾಕಿಕೊಂಡ. ಈ ಉಪಾಯ ನನಗೆ ಬಹಳ ಇಷ್ಟವಾಯಿತು. ಕತ್ತಲಲ್ಲಿ ನರಿ ಕಂಡಾಗ ಮನಸ್ಸು ದೂರವನ್ನು ತನಗೆ ಬೇಕಾದಷ್ಟೇ ಎಂದು ಹೇಳುತ್ತದೆ. ಬಿಳಿ ಕಂಬ ಹಾಗೆ ಹೇಳುವುದಿಲ್ಲ.

ರಾತ್ರಿ ಬೆಳಕು ಬಿಟ್ಟಾಗ ಮೊದಲು ಕಾಣುವುದು ಕಣ್ಣಿನ ಹೊಳಪು. ಕುರಿಯ ಕಣ್ಣೂ ಹೊಳೆಯುತ್ತದೆ, ನಾಯಿಯದೂ, ಬೆಕ್ಕಿನದೂ. ಬರೀ ಕಣ್ಣು ನೋಡಿ ಹೊಡೆಯುವಂತಿಲ್ಲ. ಕಿವಿ, ಬಾಲ, ನಡಿಗೆ ಎಲ್ಲ ಕಾಣಬೇಕು. ಪ್ರಾಣಿಯ ಹಿಂದೆ ಏನಿದೆ ಅನ್ನುವುದೂ ಕಾಣಬೇಕು. ಈ ಪುಟ್ಟ ಗುಂಡು ಒಂದೂವರೆ ಕಿಲೋಮೀಟರಿನವರೆಗೂ ಹಾರಬಲ್ಲದು. ನಿಧಾನದ ಮೆತ್ತನೆ ಸೀಸ ಆದ್ದರಿಂದ ಕಲ್ಲಿಗೆ, ಗಟ್ಟಿ ನೆಲಕ್ಕೆ, ನೀರಿಗೆ ತಾಗಿ ಪುಟಿಯುವುದೂ ಇದರ ಗುಣ. ಹಿಂದೆ ಮಣ್ಣಿನ ದಿಬ್ಬ ಇದ್ದರೆ ಸರಿ. ಬರೀ ಆಕಾಶ ಇದ್ದರೆ ಇಳಿಸು.

ಇನ್ನು ಕರೆಯುವ ವಿಷಯ. ಅಲ್ಲಿ ತಗಡಿನ ಒಂದು ಸಣ್ಣ ಸೀಟಿ ಸಿಗುತ್ತದೆ. ಬಾಯಲ್ಲಿಟ್ಟು ಊದಿದರೆ ಗಾಯಗೊಂಡ ಮೊಲ ಕಿರುಚಿದಂತೆ ಕೇಳುತ್ತದೆ. ನರಿ ಓಡಿ ಬರುತ್ತದೆ. ಇದು ಮೋಸ ಅಲ್ವಾ ಎಂದು ತಮ್ಮ ಕೇಳಿದ. ನಾನು ಯೋಚನೆ ಮಾಡಿ ಹೇಳಿದೆ, ಅಲ್ಲ ಎಂದು. ಮೋಜಿಗೆ, ಚರ್ಮಕ್ಕೆ, ಫೋಟೋಗೆ ಹೊಡೆಯುವವರು ಹೀಗೆ ಕರೆದರೆ ನನಗೆ ಅಸಹ್ಯ. ಆದರೆ ಹೊಡೆಯಲೇಬೇಕು ಎಂದು ತೀರ್ಮಾನ ಆದ ಮೇಲೆ, ಅದು ಹತ್ತಿರ ಬಂದು, ನಿಂತು, ಕಿವಿ ನೆಟ್ಟಗೆ ಮಾಡಿ ನೋಡುವ ಆ ಗಳಿಗೆಯೇ ಅದಕ್ಕೂ ಒಳ್ಳೆಯದು. ಓಡುವ ನರಿಗೆ ದೂರದಿಂದ ಹೊಡೆಯುವುದರಲ್ಲಿ ಧೈರ್ಯವೂ ಇಲ್ಲ, ನ್ಯಾಯವೂ ಇಲ್ಲ. ಬಿದ್ದ ಮೇಲೆ ಕೂಡಲೇ ಇನ್ನೊಂದು ತೋಟೆ ಏರಿಸಬೇಕು. ಕಣ್ಣು ಕೀಳದೆ ಕಾಯಬೇಕು. ಹತ್ತಿರ ಹೋಗಿ ಕೋಲಿನ ತುದಿಯಿಂದ ಕಣ್ಣನ್ನು ಮುಟ್ಟಬೇಕು. ರೆಪ್ಪೆ ಅಲುಗದಿದ್ದರೆ ಮುಗಿಯಿತು. ಅಲುಗಿದರೆ ಎರಡನೇ ಗುಂಡು ಅಲ್ಲೇ, ಆಗಲೇ. ಇದನ್ನು ಓದಲು ಕಷ್ಟವಾದವರಿಗೆ ನನ್ನ ಮಾತು ಅರ್ಥವಾಗಿದೆ ಎಂದುಕೊಳ್ಳುತ್ತೇನೆ.

ಅಲ್ಲಿ ನರಿಗೆ ಜಾಸ್ತಿ ಬಳಸುವುದು ಗುಂಡಲ್ಲ, ವಿಷ. 1080 ಎಂಬ ವಿಷವನ್ನು ಮಾಂಸದ ತುಂಡಿನಲ್ಲಿಟ್ಟು ಹೂಳುತ್ತಾರೆ. ತಿಂದ ಪ್ರಾಣಿ ಗಂಟೆಗಟ್ಟಲೆ ಒದ್ದಾಡುತ್ತದೆ. ಕೆಲವೊಮ್ಮೆ ಸಾಕುನಾಯಿಯೂ ತಿನ್ನುತ್ತದೆ. ನಮ್ಮಲ್ಲಿ ಸತ್ತ ದನಕ್ಕೆ ಕೀಟನಾಶಕ ಸುರಿದಿಡುವವರಿದ್ದಾರೆ. ಚಿರತೆಗೆಂದು ಇಟ್ಟದ್ದನ್ನು ಕತ್ತೆಕಿರುಬ, ಹದ್ದು, ನಾಯಿ ಎಲ್ಲ ತಿಂದು ಸಾಯುತ್ತವೆ. ಹಂದಿಗೆಂದು ಕಟ್ಟಿದ ತಂತಿ ಉರುಳಿಗೆ ಚಿರತೆ ಸಿಕ್ಕಿ ಸೊಂಟ ಕತ್ತರಿಸಿಕೊಳ್ಳುತ್ತದೆ. ಇವಕ್ಕೆ ಹೋಲಿಸಿದರೆ ಎದುರು ಕೂತು, ಯಾವ ಪ್ರಾಣಿ ಎಂದು ನೋಡಿ, ಬೇಡ ಅನಿಸಿದರೆ ಇಳಿಸಬಹುದಾದ ರೈಫಲ್ ಎಷ್ಟೋ ವಾಸಿ. ವಿಷಕ್ಕೆ ಇಳಿಸುವುದು ಗೊತ್ತಿಲ್ಲ.

ನನ್ನ ತಾಯಿಯ ತವರು ಕೊಪ್ಪದ ಕಡೆ. ಅಲ್ಲಿ ಅಜ್ಜನ ಕಾಲದಲ್ಲಿ ಕೇಪಿನ ಕೋವಿ ಇತ್ತು. ಕೂಗಿ ಪ್ರಾಣಿಗಳನ್ನು ಅಟ್ಟುವ ಸೋವು ಬೇಟೆಯಲ್ಲಿ ಯಾರು ಎಲ್ಲಿ ಬಿಲ್ಲಿಗೆ, ಅಂದರೆ ಕೋವಿ ಹಿಡಿದು ಕಾಯಲು, ನಿಲ್ಲಬೇಕು ಎಂದು ಊರ ಹಿರಿಯರು ಗೊತ್ತು ಮಾಡುತ್ತಿದ್ದರಂತೆ. ಆ ಬೇಟೆಯನ್ನು ಹೊಗಳುವ ಆಸೆ ನನಗಿಲ್ಲ. ಅದರಲ್ಲಿ ಹೊಟ್ಟೆಬಾಕತನವೂ ಇತ್ತು, ಗಬ್ಬದ ಪ್ರಾಣಿಗೂ ಈಡು ಬೀಳುತ್ತಿತ್ತು. ಆದರೆ ಅಜ್ಜ ಒಂದು ಮಾತು ಖಡಾಖಂಡಿತ ಹೇಳುತ್ತಿದ್ದರು ಎಂದು ಅಮ್ಮ ನೆನೆಸುತ್ತಾಳೆ: ಈಡು ಹೊಡೆದವನೇ ನೆತ್ತರ ಜಾಡು ಹಿಡಿದು ಹೋಗಬೇಕು, ಕತ್ತಲಾದರೂ ಸರಿ, ಮಳೆ ಬಂದರೂ ಸರಿ. ಗಾಯ ಮಾಡಿ ಮನೆಗೆ ಬಂದವನಿಗೆ ಅಂಗಳದಲ್ಲಿ ನೀರು ಕೊಡುತ್ತಿರಲಿಲ್ಲವಂತೆ. ಈಗ ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ ಪೂಜೆ ಮಾಡಿ, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಟ್ಟು ಸ್ಪರ್ಧೆ ನಡೆಸುತ್ತಾರೆ. ಗುರಿಯ ಖುಷಿಗೆ ತೆಂಗಿನಕಾಯಿ ಸಾಕು.

ನಮ್ಮ ದೇಶದಲ್ಲಿ ಈ ಚರ್ಚೆಯೇ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ತೋಳ, ನರಿ, ಚಿರತೆ ಯಾವುದನ್ನೂ ನಾವು ಹೊಡೆಯುವಂತಿಲ್ಲ. ಮನುಷ್ಯರ ಜೀವಕ್ಕೆ ಕುತ್ತಾದ ಚಿರತೆಯನ್ನು ಕೂಡ ಹಿಡಿಯಲು, ಅರಿವಳಿಕೆ ಕೊಟ್ಟು ಸಾಗಿಸಲು ಆಗುವುದೇ ಇಲ್ಲ ಎಂದು ರಾಜ್ಯದ ಮುಖ್ಯ ವನ್ಯಜೀವಿ ವಾರ್ಡನ್‌ಗೆ ಖಚಿತವಾಗಬೇಕು. ಕಾರಣ ಬರೆದು ಆದೇಶ ಕೊಡಬೇಕು. ಆಮೇಲಷ್ಟೇ ಗುಂಡು. ನಮ್ಮಂಥವರ ಕೈಯಲ್ಲಿರುವ .22ರ ವಿಷಯ 1959ರ ಆಯುಧ ಕಾಯ್ದೆಯಲ್ಲೇ ಸ್ಪಷ್ಟ ಇದೆ: ರೈಫಲ್ ಕ್ಲಬ್ಬಿನ ಸದಸ್ಯರಿಗೆ, ಗುರಿ ಅಭ್ಯಾಸಕ್ಕೆ. ಅಷ್ಟೇ.

2025ರ ಅಕ್ಟೋಬರ್, ನವೆಂಬರಿನಲ್ಲಿ ಪುಣೆ ಜಿಲ್ಲೆಯ ಶಿರೂರು ತಾಲೂಕಿನ ಪಿಂಪರಖೇಡದ ಸುತ್ತ ಚಿರತೆ ದಾಳಿಗೆ ಇಬ್ಬರು ಮಕ್ಕಳು, ಒಬ್ಬ ಅಜ್ಜಿ ಸತ್ತರು. ಜನ ರೊಚ್ಚಿಗೆದ್ದು ಹೆದ್ದಾರಿ ತಡೆದರು. ಆ ವಾರ ರೇಂಜಿನ ಚಹಾ ಟೇಬಲ್ಲಿನಲ್ಲಿ ಬೇರೆ ಮಾತೇ ಇರಲಿಲ್ಲ. ಬೆಳಗಾವಿಯ ಒಬ್ಬ ಹುಡುಗ, ಒಳ್ಳೆ ಕೈ ಅವನದು, ಕಣ್ಣು ಕೆಂಪು ಮಾಡಿಕೊಂಡು ಹೇಳಿದ. "ಅಕ್ಕಾ, ಐವತ್ತು ಮೀಟರಿಗೆ ನಾವು ರೂಪಾಯಿ ನಾಣ್ಯ ಬೀಳಸ್ತೀವಿ. ನಮ್ಮನ್ನ ಕರದ್ರ ಒಂದ್ ರಾತ್ರಿ ಕೆಲಸಾರೀ ಇದು."

ಅವನ ಸಿಟ್ಟು ನನಗೂ ಇತ್ತು. ಮಗು ಕಳೆದುಕೊಂಡ ಮನೆಯ ಮುಂದೆ ಕಾನೂನಿನ ಕಲಮು ಓದಲು ಯಾರಿಗೂ ಬಾಯಿ ಬರುವುದಿಲ್ಲ. ಆದರೆ ಅವನ ಮಾತು ತಪ್ಪು ಎಂದು ಅಲ್ಲೇ ಹೇಳಿದೆ. ಐವತ್ತು ಅರವತ್ತು ಕಿಲೋ ತೂಕದ ಚಿರತೆಗೆ .22 ಗುಂಡು ಬಿದ್ದರೆ ಅದು ಸಾಯುವುದಿಲ್ಲ, ಕಬ್ಬಿನೊಳಗೆ ನುಗ್ಗುತ್ತದೆ. ಹತ್ತಡಿ ಎತ್ತರದ ಕಬ್ಬು, ಒಳಗೆ ಮೂರು ಹೆಜ್ಜೆ ಮುಂದೆ ಏನಿದೆ ಕಾಣುವುದಿಲ್ಲ. ನಾಳೆ ಬೆಳಗ್ಗೆ ಅದೇ ಗದ್ದೆಗೆ ಕಟಾವಿನವರು ಮಕ್ಕಳನ್ನು ಕಟ್ಟಿಕೊಂಡು ಇಳಿಯುತ್ತಾರೆ. ಕುಮಾವೂನ್ ಬೆಟ್ಟಗಳ ಚಂಪಾವತದ ಹೆಣ್ಣುಹುಲಿ 436 ಜನರನ್ನು ಕೊಂದಿತು ಎಂದು ಹೇಳುತ್ತಾರೆ. 1907ರಲ್ಲಿ ಬೇಟೆಗಾರ ಜಿಮ್ ಕಾರ್ಬೆಟ್ ಅದನ್ನು ಹೊಡೆದ ಮೇಲೆ ನೋಡಿದರೆ ಬಲಗಡೆಯ ಕೋರೆಹಲ್ಲುಗಳು ಮುರಿದಿದ್ದವು. ಹಿಂದೆ ಯಾರೋ ಹೊಡೆದ ಗುಂಡಿನಿಂದ ಹಾಗಾಗಿದೆ, ತನ್ನ ಸಹಜ ಬೇಟೆ ಆಡಲಾಗದೆ ಅದು ಮನುಷ್ಯರ ಮೇಲೆ ಬಿತ್ತು ಎಂದು ಕಾರ್ಬೆಟ್ ತೀರ್ಮಾನಿಸಿದರು. ಅರ್ಧ ಹೊಡೆತದ ಬೆಲೆಯನ್ನು ಹೊಡೆದವನು ಕೊಡುವುದಿಲ್ಲ, ಊರಿನವರು ಕೊಡುತ್ತಾರೆ. ಪಿಂಪರಖೇಡದ ಚಿರತೆಯನ್ನು ಕೊನೆಗೆ ಅನುಮತಿ ಪಡೆದು, ಅದಕ್ಕೆಂದೇ ಬಂದ ಗುರಿಕಾರರು ತಕ್ಕ ರೈಫಲ್ಲಿನಲ್ಲಿ ಹೊಡೆದರು. ಅದು ಸರಿಯಾದ ನಿರ್ಧಾರ ಎಂದೇ ನನ್ನ ಅಭಿಪ್ರಾಯ.

ಅದರ ಮರುದಿನವೂ ಆ ಗದ್ದೆಗಳಲ್ಲಿ ಚಿರತೆಗಳು ಇದ್ದವು. ವನ್ಯಜೀವಿ ಸಂಶೋಧಕಿ ವಿದ್ಯಾ ಅತ್ರೇಯ ಮತ್ತು ಅವರ ಜೊತೆಯವರು ಪಕ್ಕದ ಅಹಿಲ್ಯಾನಗರ (ಆಗ ಅಹಮದನಗರ) ಜಿಲ್ಲೆಯ ಅಕೋಲೆಯಲ್ಲಿ, ಕಾಡೇ ಇಲ್ಲದ ಹೊಲಗದ್ದೆಗಳಲ್ಲಿ, 100 ಚದರ ಕಿಲೋಮೀಟರಿಗೆ ಸುಮಾರು ಐದು ದೊಡ್ಡ ಚಿರತೆ ಇವೆ ಎಂದು ಲೆಕ್ಕ ಹಾಕಿ 2013ರಲ್ಲಿ ಪ್ರಕಟಿಸಿದ್ದಾರೆ. ಎಲ್ಲವನ್ನೂ ಹೊಡೆಯಲಾಗದು, ಎಲ್ಲವೂ ಮನುಷ್ಯರ ಮೇಲೆ ಬೀಳುವುದೂ ಇಲ್ಲ. ರೈತರು ಕೇಳುತ್ತಿರುವುದು ನೀರು ಹಾಯಿಸಲು ಹಗಲು ಹೊತ್ತು ಕರೆಂಟ್. ರಾತ್ರಿ ಕರೆಂಟ್ ಬಂದರೆ ರಾತ್ರಿಯೇ ಕಬ್ಬಿಗೆ ಇಳಿಯಬೇಕು. ಈ ಬೇಡಿಕೆ ನ್ಯಾಯವಾದದ್ದು, ಯಾವ ಗುಂಡಿಗಿಂತಲೂ ಜಾಸ್ತಿ ಜೀವ ಉಳಿಸುವಂಥದ್ದು.

ತೋಳದ ವಿಷಯದಲ್ಲಿ ನನಗೆ ಪಾಠ ಹೇಳಿದವರು ಒಬ್ಬ ಕುರಿಗಾರರು. ಸಾಂಗ್ಲಿ ಜಿಲ್ಲೆಯ ಜತ್ ಕಡೆಯವರು, ಮನೆಮಾತು ಕನ್ನಡ. ಸಾಸವಡದಿಂದ ಜೇಜುರಿಗೆ ಹೋಗುವ ದಾರಿಯ ಪಕ್ಕ ಒಂದು ಕೊಯ್ದ ಹೊಲದಲ್ಲಿ ಕುರಿ ತರುಬಿದ್ದರು. ಸುತ್ತ ಬಲೆಯ ಬೇಲಿ. ಅದರೊಳಗೆ ಬಿದಿರ ಬುಟ್ಟಿಗಳನ್ನು ಕವುಚಿ ಹಾಕಿದ್ದರು. ಒಂದೊಂದರ ಮೇಲೂ ಒಂದು ಕಲ್ಲು. ಬುಟ್ಟಿಯ ಸಂದಿಯಿಂದ ಗುಲಾಬಿ ಮೂತಿಗಳು ಹೊರಗೆ ಬಂದು ವಾಸನೆ ನೋಡಿ ಒಳಗೆ ಹೋಗುತ್ತಿದ್ದವು. ಎರಡು ಬಡಕಲು ನಾಯಿಗಳು ನನ್ನ ಮೇಲೆ ನಂಬಿಕೆ ಇಡದೆ ಸುತ್ತ ತಿರುಗುತ್ತಲೇ ಇದ್ದವು. ಪುಣೆಯ ಸುತ್ತಿನ ಈ ಹುಲ್ಲುಗಾವಲುಗಳಲ್ಲಿ ತೋಳಗಳು ಇನ್ನೂ ಉಳಿದಿವೆ. ಕುರಿಗಾರರ ಹಿಂಡಿನ ಹಿಂದೆ ಹಿಂದೆ ಅವೂ ತಿರುಗುತ್ತವೆ.

"ತೋಳ ಬರತೈತಿ ತಂಗಿ. ನಾವು ಮೈಮರತ ದಿನಾನ ಬರತೈತಿ."

"ನಿಮ್ಮ ಹತ್ರ ಬಂದೂಕು ಇದ್ದಿದ್ರೆ ಹೊಡೀತಿದ್ರಾ ಕಾಕಾ?"

ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಕತ್ತಲದಾಗ ತೋಳ ಯಾವುದು, ನಾಯಿ ಯಾವುದು ಅಂತ ಹೆಂಗ ನೋಡ್ತಿ? ಹೊಡದ್ರ ನನ್ನ ನಾಯೀನ ಸಾಯತೈತಿ. ನಾಯಿ ಸತ್ರ ಮರುದಿನ ಹತ್ತ ಮರಿ ಹೋಗತಾವ."

ಇದು ಬರೀ ಅನುಭವದ ಮಾತಲ್ಲ. ಪುಣೆಯ ಹುಲ್ಲುಗಾವಲುಗಳಲ್ಲಿ ಬೀದಿನಾಯಿ ಮತ್ತು ತೋಳ ಕೂಡಿ ಹುಟ್ಟಿದ ಮಿಶ್ರ ತಳಿ ಇರುವುದು ಡಿಎನ್ಎ ಪರೀಕ್ಷೆಯಲ್ಲೇ ಗೊತ್ತಾಗಿದೆ. ಹಗಲು ಹೊತ್ತಿನಲ್ಲಿ ದುರ್ಬೀನು ಹಿಡಿದ ತಜ್ಞರಿಗೂ ಕೆಲವು ಪ್ರಾಣಿಗಳು ಗೊಂದಲ ಮಾಡುತ್ತವೆ. ಕಾಕಾ ಮೂರು ಕೆಲಸ ಮಾಡುತ್ತಾರೆ. ಮರಿಗಳನ್ನು ಬುಟ್ಟಿಯಲ್ಲಿ ಮುಚ್ಚುತ್ತಾರೆ, ನಾಯಿಗಳಿಗೆ ಮೊದಲು ಊಟ ಹಾಕುತ್ತಾರೆ, ಪಾಳಿ ಮೇಲೆ ಎದ್ದಿರುತ್ತಾರೆ. ಆದರೂ ಒಮ್ಮೊಮ್ಮೆ ಹೋಗುತ್ತದೆ. ಸರ್ಕಾರದ ಪರಿಹಾರ ಉಂಟು. ಆದರೆ ಪಂಚನಾಮೆ ಆಗುವವರೆಗೆ ಹೆಣ ಇಟ್ಟುಕೊಂಡು ಅಲ್ಲೇ ಕೂರಬೇಕು. ದಿನಾ ಊರು ಬದಲಿಸುವವರಿಗೆ ಅದು ಹೇಗೆ ಸಾಧ್ಯ? ತೋಳ ಉಳಿಯಬೇಕು ಅನ್ನುವ ನಾವು, ಪೇಟೆಯವರು, ಇದನ್ನು ಸರಿಮಾಡಿಸಲು ದನಿ ಎತ್ತಬೇಕು. ಫೋನಿನಲ್ಲಿ ಫೋಟೋ ತೆಗೆದು ಜಾಗದ ಗುರುತಿನ ಸಮೇತ ಕಳಿಸಿದರೆ ಸಾಕು ಅನ್ನುವ ವ್ಯವಸ್ಥೆ ಇವತ್ತಿಗೆ ಕಷ್ಟವೇ ಅಲ್ಲ. ಕುರಿಗಾರರ ಮರಿ ಉಳಿದರೆ ತೋಳವೂ ಉಳಿಯುತ್ತದೆ.

ಕಾಕಾನ ಬುಟ್ಟಿ, ನಾಯಿಯ ಕತೆ ತಮ್ಮನಿಗೆ ಹೇಳಿದಾಗ ಅವನು ತನ್ನ ಕಡೆಯ ಸುದ್ದಿ ಹೇಳಿದ. ವಿಕ್ಟೋರಿಯಾದ ವಾರ್ನಂಬೂಲ್ ಊರಿನ ಸಮುದ್ರ ದಂಡೆಯಲ್ಲಿ ಮಿಡಲ್ ಐಲ್ಯಾಂಡ್ ಎಂಬ ಪುಟ್ಟ ದ್ವೀಪ ಇದೆ. ನೀರು ಇಳಿದಾಗ ನರಿಗಳು ದಾಟಿ ಹೋಗಿ ಅಲ್ಲಿನ ಪುಟಾಣಿ ಪೆಂಗ್ವಿನ್‌ಗಳನ್ನು ತಿಂದು ತಿಂದು, 2005ರ ಹೊತ್ತಿಗೆ ಹತ್ತೂ ಉಳಿದಿರಲಿಲ್ಲ. 2006ರಿಂದ ಅಲ್ಲಿ ಮಾರೆಮ್ಮಾ ಎಂಬ ಇಟಲಿಯ ಕುರಿಕಾಯುವ ನಾಯಿಗಳನ್ನು ಕಾವಲಿಗೆ ಬಿಟ್ಟರು. ಪೆಂಗ್ವಿನ್‌ಗಳು ಮತ್ತೆ ಹೆಚ್ಚಿದವು. ಅದೇ ತಳಿಯ ಒಂದು ಮರಿಯನ್ನು ಅವನ ಯಜಮಾನರೂ ತಂದು ಕುರಿಗಳ ಜೊತೆಯೇ ಬೆಳೆಸುತ್ತಿದ್ದಾರೆ.

ಒಂದು ಗಂಟು ಮಾತ್ರ ಬಿಡಿಸಲು ನಮಗೆ ಕಷ್ಟವಾಯಿತು. ಅಲ್ಲಿ ನರಿ ಮರಿ ಹಾಕುವುದು ಹೆಚ್ಚಾಗಿ ಆಗಸ್ಟ್, ಸೆಪ್ಟೆಂಬರಿನಲ್ಲಿ. ಅವರ ಕುರಿ ಮರಿ ಹಾಕುವುದೂ ಅದೇ ಹೊತ್ತಿಗೆ. ನರಿಯ ಕಾಟ ಯಾವಾಗ ಜಾಸ್ತಿಯೋ, ಆಗಲೇ ಹೆಣ್ಣುನರಿಯ ಬಿಲದಲ್ಲಿ ಕಣ್ಣು ಬಿಡದ ಮರಿಗಳಿರುತ್ತವೆ. ತಾಯಿಯನ್ನು ಹೊಡೆದರೆ ಅವು ಒಳಗೇ ಹಸಿದು ಸಾಯುತ್ತವೆ. ಹಾಲೂಡುವ ನರಿ ಸತ್ತರೆ ಬಿಲ ಹುಡುಕಿ ಮರಿಗಳನ್ನೂ ನೋವಿಲ್ಲದೆ ಮುಗಿಸಬೇಕು ಎನ್ನುವುದು ಅಲ್ಲಿ ಜವಾಬ್ದಾರಿಯಿಂದ ಹೊಡೆಯುವವರ ನಿಯಮ. ತಮ್ಮ ಫೋನಿನಲ್ಲಿ ಸುಮ್ನೆ ಕೂತ. ಆಮೇಲೆ, "ಅದು ನನ್ನ ಕೈಲಾಗಲ್ಲ ಅಕ್ಕ" ಎಂದ.

"ಹಾಗಾದ್ರೆ ಆಗಸ್ಟಿಂದ ನವೆಂಬರ್ ತನಕ ರೈಫಲ್ ಪೆಟ್ಟಿಗೆ ಒಳಗೇ ಇರಲಿ. ಹೊಡೆಯೋದಿದ್ರೆ ಅದಕ್ಕೂ ಮೊದಲು ಹೊಡಿ. ಮಾರ್ಚಿಂದ ಮೇ. ಹಿಂದಿನ ಮರಿಗಳು ಅಷ್ಟೊತ್ತಿಗೆ ದೊಡ್ಡವಾಗಿ ತಾಯಿ ಬಿಟ್ಟು ಹೋಗಿರ್ತವೆ, ಕುರಿ ಇನ್ನೂ ಹೆತ್ತಿರಲ್ಲ."

ಯಜಮಾನರ ಹತ್ತಿರ ಈ ಮಾತು ಎತ್ತಲು ಅವನಿಗೆ ಅಂಜಿಕೆ ಇತ್ತು. ಅವರು ಒಪ್ಪಿದರು. ಆ ಮೂರು ತಿಂಗಳು ಅವನು ತಪ್ಪದೆ ರಾತ್ರಿ ಸುತ್ತು ಹಾಕಬೇಕು, ಹೆರಿಗೆಯ ಕಾಲದಲ್ಲಿ ಕಾವಲೂ ಅವನದೇ ಎಂದು ಷರತ್ತು ಹಾಕಿದ್ದಾರೆ. ಮರಿ ಹಾಕುವ ಬಯಲಿಗೆ ಕರೆಂಟ್ ಬೇಲಿ ಎಳೆಯಲು ತಂತಿ ಬಂದಿದೆ. ಕೆಳಗಿನ ಎಳೆ ನೆಲದಿಂದ ಎಷ್ಟು ಮೇಲಿರಬೇಕು ಎಂದು ಈಗ ನಮ್ಮಿಬ್ಬರ ನಡುವೆ ಮಾತು ನಡೆಯುತ್ತಿದೆ. ನರಿ ಹಾರುವುದಕ್ಕಿಂತ ನುಸುಳುವುದೇ ಜಾಸ್ತಿ. ಒಂದು ಗೇಣು ಅಂದರೆ ಹುಲ್ಲು ತಾಗಿ ಕರೆಂಟ್ ಇಳಿದುಹೋಗುತ್ತದೆ ಎಂದು ಅವನು, ಹುಲ್ಲು ವಾರಕ್ಕೊಮ್ಮೆ ಕೊಯ್ಯಿ, ಗೇಣಿಗಿಂತ ಮೇಲೆ ಬೇಡ ಎಂದು ನಾನು.